ಕಾಳಮ್ಮನ ಗುಡಿಯ ಹಿತ್ತಲು

ಸೋಮಮ್ಮನ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯೊಳಗೆ, ನೇತುಹಾಕಿದ್ದ ಬಕೆಟ್ಟುಗಳಿಗೆ ತಲೆ ತಾಗದಂತೆ ಬಗ್ಗಿ ನಿಂತು, ರಾಮಚಂದ್ರಾಚಾರ್ ಎದುರು ಸಾಲಿನಲ್ಲಿದ್ದ ತಮ್ಮದೇ ಅಂಗಡಿಯನ್ನು ನೋಡುತ್ತಿದ್ದರು. ನಾಗಮಂಗಲದ ಈ ಕಾಳಮ್ಮನ ಗುಡಿ ಬೀದಿಯಲ್ಲೇ ಅವರು ಬೆಳೆದದ್ದು, ಅಪ್ಪನ ಪಕ್ಕ ಕೂತು ಚಿನ್ನ ಕರಗಿಸುವುದನ್ನು ಕಲಿತದ್ದು, ಆಮೇಲೆ ಅಪ್ಪನ ಜಾಗದಲ್ಲಿ ತಾವೇ ಕೂತು ಕೂದಲು ಬೆಳ್ಳಗೆ ಮಾಡಿಕೊಂಡದ್ದು. ಆದರೂ ಬೀದಿ ದಾಟಿ ಈ ಕಡೆ ನಿಂತು ತಮ್ಮ ಅಂಗಡಿ ಹೇಗೆ ಕಾಣುತ್ತದೆ ಎಂದು ನೋಡಿದ್ದು ಇವತ್ತೇ ಮೊದಲು. ಇವತ್ತು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಆಚಾರಿಗಳು ಹತಾರ ಮುಟ್ಟುವುದಿಲ್ಲ. ಬೀದಿಯ ಅಕ್ಕಸಾಲಿಗರ ಅಂಗಡಿಗಳೆಲ್ಲ ಮುಚ್ಚಿದ್ದವು, ಮಿಕ್ಕವು ತೆರೆದಿದ್ದವು. ಹಲಗೆ ಹೂಡಿದ ಅವರ ಅಂಗಡಿ ಅವರು ಎಣಿಸಿದ್ದಕ್ಕಿಂತ ಸಣ್ಣದಾಗಿತ್ತು. ಒಂದು ಕಡೆಗೆ ಕೊಂಚ ವಾಲಿದ ಹಾಗೂ ಇತ್ತು. ಯಾವುದೋ ಊರಿನ ಯಾರದೋ ಅಂಗಡಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದಂತಾಯಿತು. ಬಾಗಿಲು ತೆಗೆದ ದಿನಗಳಲ್ಲಿ ಇಲ್ಲಿಂದ ನಾನು ಹೇಗೆ ಕಾಣುತ್ತೇನೆ? ಅವಳು ಹೇಗೆ ಕಾಣುತ್ತಿದ್ದಳು? ಅವರ ಹೆಂಡತಿ ಪುಟ್ಟಲಕ್ಷ್ಮಮ್ಮ ಬೀದಿಯ ಕಡೆಗೆ ಮುಖ ಮಾಡಿ ಕೂತು ಹೆಂಗಸರ ಕಾಲುಬೆರಳುಗಳಿಗೆ ಕಾಲುಂಗುರ ತೊಡಿಸಿ ಒತ್ತುತ್ತಿದ್ದಳು. ಅವರು ಅವಳ ಹಿಂದೆ ತಲೆ ತಗ್ಗಿಸಿ ಕೂತಿರುತ್ತಿದ್ದರು. ಇಷ್ಟು ವರ್ಷ ಅವರಿಗೆ ಕಂಡದ್ದು ಅವಳ ಬೆನ್ನು, ಬೆನ್ನಿನ ಮೇಲಿನ ಜಡೆ, ಆಮೇಲಾಮೇಲೆ ಆ ಜಡೆ ತೆಳ್ಳಗಾದದ್ದು. ಅವಳು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು.

ಪಕ್ಕದಲ್ಲಿ ಮರಿಸ್ವಾಮಿಗೌಡರು ಸೋಮಮ್ಮನಿಗೆ ಕಮಾನಿನ ವಿಷಯ ಹೇಳುತ್ತಿದ್ದರು. ಬೀದಿಯ ಅರ್ಧಕ್ಕರ್ಧ ಮಳಿಗೆಗಳು ಗೌಡರವೇ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಜನ ಈಗೀಗ ಈ ಬೀದಿಗೆ ತಿರುಗದೆ ಹೆದ್ದಾರಿ ಪಕ್ಕದ ಗಾಜಿನ ಅಂಗಡಿಗಳಿಗೆ ಹೋಗುತ್ತಿದ್ದಾರೆಂದು, ಖಾಲಿ ಬಿದ್ದ ಮಳಿಗೆಗಳಿಗೆ ಬಾಡಿಗೆದಾರರು ಸಿಗುತ್ತಿಲ್ಲವೆಂದು, ಅಂಗಡಿಯವರನ್ನೂ ಕಟ್ಟಡದವರನ್ನೂ ಒಂದು ಮಾಡಿ ಬೀದಿಯನ್ನು ಸರಿಪಡಿಸಬೇಕೆಂದು ಅವರೇ ಒಂದು ಸಮಿತಿ ಕಟ್ಟಿದ್ದರು. ಮುಂದಕ್ಕೆ ಚಾಚಿದ ತಗಡುಗಳನ್ನು ಒಂದೇ ಗೆರೆಗೆ ಕತ್ತರಿಸುವುದು, ಚರಂಡಿಗೆ ಚಪ್ಪಡಿ ಮುಚ್ಚುವುದು, ಒಂದೇ ಅಳತೆಯ ಬೋರ್ಡು, ಸಾಲು ದೀಪ, ಬೀದಿಯ ಬಾಯಿಗೆ ಗೌಡರ ತಂದೆಯ ಹೆಸರಿನಲ್ಲಿ ಒಂದು ಕಮಾನು. ಮೊಬೈಲ್ ಅಂಗಡಿಯ ಅಶೋಕ್ ಕಾರ್ಯದರ್ಶಿ. ಅಧ್ಯಕ್ಷರು ರಾಮಚಂದ್ರಾಚಾರ್. ಗೌಡರು ಮನೆಗೇ ಬಂದು, "ನಿಮ್ಮ ಮಾತ ಯಾರೂ ತೆಗ್ದಾಕಕಿಲ್ಲ ಆಚಾರ್ರೆ, ನೀವು ಮುಂದೆ ನಿಂತ್ಕಳಿ ಸಾಕು" ಅಂದಾಗ ಅವರಿಗೆ ಅದು ನಿಜವೆಂದೇ ಅನಿಸಿತ್ತು. ದೊಡ್ಡವರೆಂದು ಜನ ಕರೆಯುತ್ತಾರೆ, ಗುಡಿಯ ಯಜಮಾನಿಕೆ ತಮ್ಮದೇ. ಅವಳು ಹೋದ ಮೇಲೆ ಅಂಗಡಿಯಲ್ಲಿ ಕೂತರೆ ಕಣ್ಣ ಮುಂದೆ ಬೆನ್ನು ಇಲ್ಲದೆ ಬೀದಿಯ ಬೆಳಕೆಲ್ಲ ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು. ಎದ್ದು ಓಡಾಡುವುದಕ್ಕೆ ಒಂದು ನೆವ ಬೇಕಾಗಿತ್ತು.

ಬೆಳಿಗ್ಗೆ ಹೊರಟ ಸುತ್ತು ಇದು. ಮೊದಲು ಬಟ್ಟೆ ಅಂಗಡಿ. ಅವರು ಮೆಟ್ಟಿಲು ಹತ್ತುವ ಮೊದಲೇ ಅಂಗಡಿಯವನು ಎದ್ದು ಬಂದು ಕೈ ಮುಗಿದು, "ನಂದೆಲ್ಲ ಒಪ್ಗೆ ಆಚಾರ್ರೆ, ನೀವ್ ಯೋಳದ್ಮೇಲೆ ಇನ್ನೇನೈತೆ" ಅಂದ. ಪಾತ್ರೆ ಅಂಗಡಿಯವನೂ ಹಾಗೆಯೇ. ತಗಡು ಎಷ್ಟು ಕತ್ತರಿಸಬೇಕು ಎಂದೂ ಕೇಳಲಿಲ್ಲ. ಇಷ್ಟೊಂದು ಪ್ರೀತಿ ಈ ಬೀದಿಯಲ್ಲಿ ಎಲ್ಲಿತ್ತು? ಆಚಾರ್ರು ಹಾಗೆ ಅಂದುಕೊಂಡು ಕೆಳಗಿಳಿದು, ಊರುಗೋಲು ಮರೆತೆನೇನೋ ಎಂದು ಹಿಂತಿರುಗಿ ನೋಡಿದಾಗ, ಪಾತ್ರೆಯವನು ಹೊಸ್ತಿಲಿಗೆ ನೀರು ಚಿಮುಕಿಸಿ ಊದುಬತ್ತಿ ಹಚ್ಚಿ ಗಲ್ಲಾಪೆಟ್ಟಿಗೆಗೆ ಬೆಳಗುತ್ತಿದ್ದ. ಪೂಜೆ ಆಗಲೇ ಮುಗಿದಿತ್ತು, ಹೂ ಮುಡಿಸಿತ್ತು, ಇದು ಎರಡನೆಯದು. ಆಚಾರ್ರ ನೋಟವನ್ನು ಕಂಡ ಅಶೋಕ್, "ಬೋಣಿ ಆಗಿರ್ನಿಲ್ವಲ್ಲ ಆಚಾರ್ರೆ, ಅದುಕ್ಕೆ..." ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಗೌಡರು ಆಕಾಶ ನೋಡಿದರು. ವರ್ಷ ತುಂಬದ ಸಾವಿನ ಮನೆಯವನು ಮೊದಲ ವ್ಯಾಪಾರಕ್ಕೆ ಮುಂಚೆ ಮೆಟ್ಟಿಲ ಮೇಲೆ ನಿಂತರೆ ಯಾರು ತಾನೇ ವಾದ ಬೆಳೆಸುತ್ತಾರೆ? ಬೇಗ ಒಪ್ಪಿದರೆ ಬೇಗ ಇಳಿಯುತ್ತಾನೆ. ಅಧ್ಯಕ್ಷಗಿರಿ ಯಾಕೆ ಬಂತೆಂದು ಆಚಾರ್ರಿಗೆ ಅಲ್ಲೇ, ಚರಂಡಿಯ ಅಂಚಿನಲ್ಲಿ, ತಿಳಿಯಿತು. ಮೈ ಒಮ್ಮೆ ಬಿಸಿಯಾಯಿತು. ಮನೆಗೆ ಹೊರಟುಬಿಡಬೇಕು ಅನಿಸಿತು. ಆದರೆ ಮುಂದಿನ ಅಂಗಡಿಯವನು ಏನು ಮಾಡುತ್ತಾನೆ, ಅವನ ಮುಖ ಎಷ್ಟು ಹೊತ್ತಿಗೆ ಬದಲಾಗುತ್ತದೆ ಎಂದು ನೋಡುವ ಆಸೆ ಸಿಟ್ಟಿಗಿಂತ ಬಲವಾಗಿತ್ತು. ಹೋದರು, ನೋಡಿದರು. ಬೇಕರಿಯವನು ಒಪ್ಪಿಗೆ ಕೊಟ್ಟು ಒಂದು ಬನ್ನನ್ನೂ ಕೈಗಿಟ್ಟ.

ಸೋಮಮ್ಮ ಮಾತ್ರ, "ನಂಗೆ ಬೋಣಿ ಗೀಣಿ ಯಾವ್ದೂ ಇಲ್ಲ, ಬಿಸ್ಲಲ್ ನಿಂತ್ಕಬ್ಯಾಡಿ, ಒಳಿಕ್ ಬನ್ನಿ" ಎಂದು ಕರೆದಿದ್ದಳು. ಬೂಕನಕೆರೆಯಿಂದ ಮದುವೆಯಾಗಿ ಬಂದವಳು, ಗಂಡ ಬಿಟ್ಟುಹೋದ ಮೇಲೆ ಗೌಡರ ಮಳಿಗೆ ಹಿಡಿದು ಬಕೆಟ್ಟು ಬಿಂದಿಗೆ ಮಾರುತ್ತಿದ್ದವಳು. ಗೌಡರು ಕಮಾನಿನ ವರ್ಣನೆ ಮುಗಿಸಿ, "ಎಂಗೆ?" ಎಂದರು.

"ಚೆಂದಾಗೈತೆ," ಎಂದಳು ಸೋಮಮ್ಮ. "ಕಮಾನಿನ ಹಿಂದ್ಗಡೆ ಬಾಗ್ಲು ಮಡುಗ್ಸಿ, ನಾವ್ ಹೆಂಗುಸ್ರು ಅದ್ರೊಳಗಾದ್ರೂ ಒಂದಕ್ಕೆ ಹೋಗ್ತೀವಿ."

ಅಶೋಕ್ ಕಿಸಕ್ಕನೆ ನಕ್ಕು ಗೌಡರ ಮುಖ ನೋಡಿ ನಿಲ್ಲಿಸಿದ.

"ನೋಡಮ್ಮಿ, ದೊಡ್ಡೋರ ಮುಂದೆ ಎಂಥ ಮಾತು ಅಂತ ಆಡ್ತೀಯೆ," ಎಂದರು ಗೌಡರು.

"ಯಾವ ಮಾತು ಗೌಡ್ರೆ? ಬೆಳಗಾನ ಬಂದು ಬಾಗ್ಲು ತೆಗೀತೀವಿ, ಕತ್ಲಾದ್ಮೇಲೆ ಹಾಕ್ತೀವಿ. ಟೈಲರಿಂಗ್ ರಂಜಿತ, ಹೂವಿನೋರು, ಬ್ಲೌಸ್‌ಪೀಸಿನೋರು, ನಾನು, ಎಲ್ಲಿಗೋಗನ ಯೋಳಿ. ನೀವ್ ಗಂಡುಸ್ರಿಗೆ ಕಾಳಮ್ಮನ ಹಿತ್ತಲ್ ಗ್ವಾಡೆ ಐತೆ. ನಮಗೆ? ನಾವು ನೀರೇ ಕುಡಿಯಕಿಲ್ಲ. ಪುಟ್ಟಕ್ಕನೂ ಅಂಗೇ ತಾನೆ ಮಾಡ್ತಿದ್ದುದ್ದು? ಮನೆ ಬಿಟ್ರೆ ಮನೆ ಸೇರಗಂಟ ಒಂದು ತೊಟ್ಟು ಬಾಯಿಗೆ ಬುಟ್ಕತಿರ್ನಿಲ್ಲ."

ಪುಟ್ಟಕ್ಕ. ಆಚಾರ್ರಿಗೆ ಆ ಹೆಸರು ಯಾರದೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಮನೆಯಲ್ಲಿ ಅವಳನ್ನು ಯಾರೂ ಹಾಗೆ ಕರೆದದ್ದಿಲ್ಲ. ಅವರಂತೂ ಯಾವ ಹೆಸರಿನಿಂದಲೂ ಕರೆದವರಲ್ಲ, 'ಇವಳೇ' ಅನ್ನುತ್ತಿದ್ದರು. ಊಟವಾದ ಮೇಲೆ ತಾವು ಗೋಡೆಗೆ ಒರಗಿ ಒಂದು ಕಣ್ಣು ಮುಚ್ಚುತ್ತಿದ್ದ ಹೊತ್ತಿನಲ್ಲಿ ಅವಳು ಬೀದಿ ದಾಟಿ ಇಲ್ಲಿಗೆ ಬರುತ್ತಿದ್ದಳೇ? ಈ ಬಕೆಟ್ಟುಗಳ ಕೆಳಗೆ ಕೂತು ಪುಟ್ಟಕ್ಕ ಆಗುತ್ತಿದ್ದಳೇ? ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದಳು, ಮೂತ್ರಪಿಂಡ ಎರಡೂ ಹೀಗಾಗುವ ತನಕ ಸುಮ್ಮನಿದ್ದೀರಲ್ಲ, ಇವರು ನೀರು ಸರಿಯಾಗಿ ಕುಡಿಯುತ್ತಿದ್ದರೋ ಇಲ್ಲವೋ? ಆಚಾರ್ರು ತಕ್ಷಣ, "ಕುಡೀತಿದ್ಲು ತಾಯಿ, ಚೆನ್ನಾಗಿ ಕುಡೀತಿದ್ಲು" ಅಂದಿದ್ದರು. ಮಂಚದ ಮೇಲೆ ಮಲಗಿದ್ದ ಅವಳು ಅದನ್ನು ಕೇಳಿಸಿಕೊಂಡು ಅವರ ಕಡೆ ತಿರುಗಿ ನೋಡಿದ್ದಳು. ಆ ನೋಟ ಏನೆಂದು ಅವರಿಗೆ ಆಗ ಗೊತ್ತಾಗಿರಲಿಲ್ಲ. ಆಯಾಸ ಅಂದುಕೊಂಡಿದ್ದರು. ಅಂಗಡಿಯಲ್ಲಿ ಅವರ ಕೈಗೆ ಎಟಕುವ ಹಾಗೆ ಒಂದು ಮಣ್ಣಿನ ಹೂಜಿ ಇರುತ್ತಿತ್ತು. ಅದನ್ನು ದಿನಾ ತುಂಬಿಸಿಡುತ್ತಿದ್ದವಳು ಅವಳೇ. ತುಂಬಿಸಿಡುವವಳು ಕುಡಿಯುತ್ತಾಳೆ ಎಂದು ಯಾರಾದರೂ ಅಂದುಕೊಳ್ಳುತ್ತಾರಲ್ಲವೇ?

"ತಗಳಿ ಆಚಾರ್ರೆ, ಮುಖ ಬಾಡೋಗೈತೆ," ಎಂದು ಸೋಮಮ್ಮ ನೀರಿನ ಬಾಟಲಿ ಚಾಚಿದಳು. ಅವರು ಬೇಡವೆಂದು ತಲೆಯಾಡಿಸಿದರು. ಬೇಡ ಎಂದದ್ದು ಏಕೆಂದು ಬೀದಿಗೆ ಇಳಿದ ಮೇಲೆ ಹೊಳೆಯಿತು. ನೀರಿಲ್ಲದೆ ಹೇಗಿರುತ್ತದೆ ನೋಡಬೇಕು ಅನಿಸಿತ್ತು, ಅಷ್ಟೇ.

ಮಧ್ಯಾಹ್ನದವರೆಗೆ ಅವರು ಗೌಡರ ಹಿಂದೆ ನಡೆದರು. ಈಗ ಬೆಳಿಗ್ಗೆ ಹೋಗಿದ್ದ ಅಂಗಡಿಗಳೂ ಸೇರಿ ಒಂದೊಂದರಲ್ಲೂ ತಾವೇ ಬಾಯಿಬಿಟ್ಟು, ಹೆಂಗಸರಿಗೆ ಒಂದು ಶೌಚಾಲಯ ಆಗಬೇಕು, ಜಾಗ ಯಾರು ಕೊಡುತ್ತೀರಿ ಎಂದು ಕೇಳಿದರು. ಆಗಲೇ ಬೇಕು ಎಂದರು ಎಲ್ಲರೂ. ಇಷ್ಟು ದಿನ ಆಗದಿದ್ದದ್ದೇ ತಪ್ಪು ಎಂದರು. ಪಾತ್ರೆಯವನು ತನ್ನ ಹಿಂದಿನ ಓಣಿ ವಾಸ್ತುವಿನ ಪ್ರಕಾರ ಈಶಾನ್ಯ ಎಂದ. ಬಟ್ಟೆಯವನ ಕಟ್ಟಡದವರು ಅಣ್ಣತಮ್ಮಂದಿರಲ್ಲಿ ಇನ್ನೂ ಪಾಲಾಗಿಲ್ಲ ಎಂದರು. ಬೇಕರಿಯವನು ತಿನ್ನುವ ಪದಾರ್ಥದ ಪಕ್ಕ ಎಂಗಾದೀತು ಎಂದ. ಅದೂ ಸರಿಯೇ. ಗೌಡರನ್ನು ಕೇಳಿದಾಗ, ತಮ್ಮ ಖಾಲಿ ಮಳಿಗೆಯ ಮುಂದೆ ನಿಂತು ಅದರ ಶಟರಿನ ಧೂಳನ್ನು ಬೆರಳಿನಿಂದ ಒರೆಸುತ್ತ, "ಕೊಟ್ಬುಡ್ಬೌದು. ಆದ್ರೆ ಪಕ್ಕದ್ ಮಳ್ಗೆಗೆ ಬಾಡ್ಗೆಗೆ ಯಾರ್ ಬತ್ತಾರೆ ಆಚಾರ್ರೆ?" ಎಂದರು. ಎಲ್ಲ ಅಂಗಡಿಯಲ್ಲೂ ಕಾಫಿ ಬಂತು, ಮಜ್ಜಿಗೆ ಬಂತು. ಅವರು ಮುಟ್ಟಲಿಲ್ಲ. "ಅಮಾಸೆ ಉಪವಾಸ, ನೀರೂ ತಗಳಕಿಲ್ಲ, ಎಂಥ ದೈವಭಕ್ತರು" ಎಂದು ಯಾರೋ ಹಿಂದಿನಿಂದ ಅಂದದ್ದು ಕೇಳಿ ನಾಚಿಕೆಯಾಯಿತು. ಇದು ಭಕ್ತಿಯಲ್ಲ ಎಂದು ತಿರುಗಿ ಹೇಳುವುದಕ್ಕೂ ಆಗಲಿಲ್ಲ. ನಾಲಿಗೆ ಅಂಗುಳಿಗೆ ಅಂಟಲು ಶುರುವಾಗಿತ್ತು. ಎಳನೀರಿನ ಗಾಡಿಯ ಮೇಲೆ ಮಚ್ಚು ಬೀಳುವ ಸದ್ದು ಬೀದಿಯ ಆ ತುದಿಯಿಂದಲೇ ಕೇಳಿಸಿತು. ಮುನಿಸಿಪಾಲಿಟಿಯ ನಲ್ಲಿ ಯಾವಾಗಲೂ ಹೀಗೇ ಸೋರುತ್ತಿತ್ತೇ, ಅಥವಾ ಕಿವಿ ಮಾತ್ರ ಇವತ್ತು ತೆರೆಯಿತೇ? ಟೈಲರಿಂಗ್ ಅಂಗಡಿಯ ಮುಂದೆ ಹೋಗುವಾಗ ರಂಜಿತ ತಲೆ ಬಗ್ಗಿಸಿ ಹೊಲಿಯುತ್ತಿದ್ದಳು. ಎಳೇ ಹುಡುಗಿ. ತುಟಿ ಒಡೆದಿತ್ತು. ಅವರು ಆ ತುಟಿಯನ್ನೇ ನೋಡಿದರು, ನೋಡಬಾರದೆಂದು ಕಣ್ಣು ತೆಗೆದರು. ಹೆಂಡತಿಯ ತುಟಿಯೂ ಹೀಗೇ ಒಡೆದಿರುತ್ತಿತ್ತು. ಬೆಣ್ಣೆ ಹಚ್ಚಿಕೋ ಅಂತ ಅಂದಿದ್ದೆ. ಬೆಣ್ಣೆ ಹಚ್ಚಿಕೋ ಅಂತ.

ಶೌಚಾಲಯದ ಮಾತು ಇನ್ನು ಮುಗಿಯಿತು ಎನ್ನುವಾಗ ಗೌಡರು ಬೀದಿಯಲ್ಲಿ ಕೂಡಿದ್ದ ಎಲ್ಲರ ಮುಂದೆ, ಬಲು ವಿನಯದಿಂದ, ಒಂದು ಮಾತು ಹೇಳಿದರು. "ಜಾಗ ಅಂತ ಇರೋದು ಒಂದೇಯ. ನಿಮ್ ಕಾಳಮ್ಮನ ಗುಡಿ ಹಿತ್ಲು. ನೀವು ಆಚಾರಿಗಳು ಅದ ಬುಟ್ಕೊಟ್ರೆ ಪೈಪು, ನೀರು, ಗ್ವಾಡೆ, ಬಾಗ್ಲು ಎಲ್ಲ ನಂದು. ಮಾತು ಕೊಟ್ಟೀನಿ." ಆಚಾರಿಗಳು ಕೊಡುವುದಿಲ್ಲವೆಂದು ಚೆನ್ನಾಗಿ ಗೊತ್ತಿದ್ದವರ ಧಾರಾಳತನ ಅದು. ಸುತ್ತ ನಿಂತಿದ್ದ ಅಕ್ಕಸಾಲಿಗರ ಮುಖ ಕೆಂಪಾಯಿತು. ಆಚಾರ್ರ ಮಗ ಮೌನೇಶ್, ಅಪ್ಪನ ಅಂಗಡಿಯ ಪಕ್ಕದಲ್ಲಿ ಸಿದ್ಧ ಒಡವೆಯ ಗಾಜಿನ ಪೆಟ್ಟಿಗೆ ಇಟ್ಟುಕೊಂಡಿದ್ದವನು, "ಕಾಳಮ್ಮನ ಬೆನ್ನಿಗೆ ಕಕ್ಕಸು ಕಟ್ತೀರಾ?" ಎಂದು ರೇಗಿದ.

"ಸುಮ್ಕಿರ್ಲಾ," ಎಂದಳು ಸೋಮಮ್ಮ ಬೀದಿಯ ಆ ಕಡೆಯಿಂದಲೇ. "ದಿನಾ ನೀನೆಲ್ಲಿಗ್ ಹೋಯ್ತಿದ್ದೀಯೆ ಅಂತ ನಾನ್ ಇಲ್ ಕುಂತು ನೋಡ್ತಾನೇ ಇವ್ನಿ."

ಕೆಲವರು ನಕ್ಕರು. ಆಚಾರ್ರು ನಗಲಿಲ್ಲ. ಆ ಗೋಡೆಗೆ ಅವರೂ ಹೋದವರೇ. ಅವರ ಅಪ್ಪನೂ ಹೋಗಿದ್ದಿರಬೇಕು. ದಿನಕ್ಕೆ ಎರಡು ಹೊತ್ತು ದೇವಿಗೆ ಮುಂದಿನಿಂದ ಕೈ ಮುಗಿದು, ಹಿಂದಿನಿಂದ ಹೀಗೆ. ಇದು ಈವರೆಗೆ ತಮ್ಮ ತಲೆಗೆ ಬಾರದೇ ಇದ್ದದ್ದು ಹೇಗೆ? ಅದನ್ನೇ ಅವರು ಒಂದು ವಿಚಿತ್ರವಾದ ಹತಾರವನ್ನು ಕೈಯಲ್ಲಿ ತಿರುಗಿಸಿ ನೋಡಿದ ಹಾಗೆ ನೋಡುತ್ತಿದ್ದರು. ಕೊನೆಗೆ ಯಾರೋ ಹಿರಿಯರು, ಇದು ನಮ್ಮ ನಿಮ್ಮ ಮಾತಲ್ಲ, ಸಾಯಂಕಾಲ ಅಮಾವಾಸ್ಯೆ ಪೂಜೆಗೆ ಎಲ್ಲ ಸೇರುತ್ತೇವೆ, ಅಮ್ಮನನ್ನೇ ಹೂ ಕೇಳೋಣ ಎಂದರು. ಗೌಡರು, "ನಾನೂ ಬತ್ತೀನಿ" ಎಂದರು. ಸೋಮಮ್ಮ, "ನಾವೂ ಬತ್ತೀವಿ" ಎಂದಳು.

ಹೂ ಕೇಳುವ ಕ್ರಮ ಆ ಗುಡಿಯಲ್ಲಿ ಹೀಗೆ. ಪೂಜಾರಿ ಎರಡು ಹೂವನ್ನು ನೀರಿನಲ್ಲಿ ಅದ್ದಿ ದೇವಿಯ ಎರಡು ಭುಜಕ್ಕೂ ಅಂಟಿಸುತ್ತಾನೆ. ಗುಡಿಯ ಯಜಮಾನ ಎದುರು ನಿಂತು ಕೇಳುವುದನ್ನು ಮನಸ್ಸಿನಲ್ಲೇ ಕೇಳುತ್ತಾನೆ. ತುಟಿ ಅಲ್ಲಾಡಬಾರದು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಒಂದು ಅಮಾವಾಸ್ಯೆಗೆ ಒಂದೇ ಪ್ರಶ್ನೆ. ಬಾವಿ ತೋಡುವುದು, ಹೆಣ್ಣು ಕೊಡುವುದು, ಪಾಲಾಗುವುದು, ಎಲ್ಲ ಹೀಗೆಯೇ ತೀರ್ಮಾನವಾಗಿದ್ದವು. ಆಚಾರ್ರು ಎಷ್ಟೋ ಜನರ ಪರವಾಗಿ ಕೇಳಿದ್ದರು. ತಮ್ಮ ಪರವಾಗಿ ಒಂದು ಸಲವೂ ಕೇಳಿರಲಿಲ್ಲ. ಆಸ್ಪತ್ರೆಯ ದಿನಗಳಲ್ಲಿ ಕೂಡ ಕೇಳಿರಲಿಲ್ಲ. ಎಡಗಡೆ ಬಿದ್ದರೆ ಎಂಬ ಹೆದರಿಕೆಯಿಂದ.

ದೀಪ ಹಚ್ಚುವ ಹೊತ್ತಿಗೆ ಗುಡಿ ತುಂಬಿತು. ಗಂಡಸರು ಒಳಗೆ, ಹೆಂಗಸರು ಹೊರಗಿನ ಮೆಟ್ಟಿಲುಗಳ ಮೇಲೆ. ಮನೆಯಲ್ಲಿ ಸಾವಾಗಿ ವರ್ಷ ತುಂಬದವರು ಹೂ ಕೇಳಬಹುದೇ ಎಂದು ಯಾರೋ ಗೊಣಗಿದರು. ಯಜಮಾನಿಕೆ ಬೇರೆ ಯಾರಿಗಿದೆ ಎಂದು ಪೂಜಾರಿ ಬಾಯಿ ಮುಚ್ಚಿಸಿದ. ತೀರ್ಥ ಕೊಟ್ಟಾಗ ಆಚಾರ್ರು ಅಭ್ಯಾಸಬಲದಿಂದ ಕೈ ಚಾಚಿ ಕುಡಿದೇಬಿಟ್ಟರು. ಕುಡಿದ ಮೇಲೆ ನೆನಪಾಯಿತು. ಆ ಒಂದು ಉದ್ಧರಣೆ ನೀರು ಗಂಟಲಲ್ಲಿ ಇಳಿದ ದಾರಿ ಪೂರ್ತಿ ತಿಳಿಯಿತು. ಅಷ್ಟು ರುಚಿಯಾಗಿತ್ತೆಂದು ಅವರಿಗೆ ತಮ್ಮ ಮೇಲೆ ಅಸಹ್ಯವಾಯಿತು. ಒಂದು ಹಗಲೂ ಪೂರ್ತಿ ಆಗಲಿಲ್ಲ ನನ್ನ ಕೈಲಿ. ಅವಳು ಕಾಲುಂಗುರ ಒತ್ತುತ್ತ, ಗಿರಾಕಿಗಳ ಜೊತೆ ನಗುತ್ತ, ಎಷ್ಟು ಬೇಸಿಗೆ ಕಳೆದಳು?

ಪೂಜಾರಿ ಹೂ ಅಂಟಿಸಿ ಪಕ್ಕಕ್ಕೆ ಸರಿದ. ಗಂಟೆ ನಿಂತಿತು. ಆಚಾರ್ರು ಕೈ ಮುಗಿದು ಕಣ್ಣು ಮುಚ್ಚದೆ ನಿಂತರು. ತಾಯಿ, ಹಿತ್ತಲಿನ ಜಾಗ ಹೆಂಗಸರಿಗೆ ಬಿಟ್ಟುಕೊಡಬೇಕೆಂದಿದ್ದಾರೆ, ನಿನ್ನ ಒಪ್ಪಿಗೆ ಇದೆಯೇ? ಹೀಗೆ ಕೇಳಬೇಕೆಂದು ಮನೆಯಿಂದ ಬರುವಾಗ ಮಾತು ಜೋಡಿಸಿಕೊಂಡು ಬಂದಿದ್ದರು. ತಾಯಿ, ಹಿತ್ತಲಿನ ಜಾಗ, ಎಂದು ಶುರು ಮಾಡಿದರು. ದೀಪದ ಬೆಳಕು ದೇವಿಯ ಕಪ್ಪು ಕೆನ್ನೆಯ ಮೇಲೆ ಜಾರಿತು. ತುಟಿ ಕೂಡ ಕಪ್ಪು ಕಲ್ಲು, ಎಣ್ಣೆ ಕುಡಿದು ಹೊಳೆಯುತ್ತಿತ್ತು. ಹಿತ್ತಲು, ಹಿತ್ತಲಿನ ಗೋಡೆ. ಮಂಚದ ಮೇಲಿಂದ ಅವಳು ತಿರುಗಿ ನೋಡಿದಳಲ್ಲ, ಚೆನ್ನಾಗಿ ಕುಡೀತಿದ್ಲು ಅಂದಾಗ. ಯಾಕೆ ಸುಳ್ಳು ಹೇಳುತ್ತೀರಿ ಅಂತಲೋ, ಇಷ್ಟೂ ಗೊತ್ತಿಲ್ಲವಲ್ಲ ಅಂತಲೋ. ತಾಯೀ, ಅವಳು ನನ್ನನ್ನು ಬೈದುಕೊಂಡು ಹೋದಳೇ? ಮಾತು ಮುಗಿಯುವುದಕ್ಕೂ ಎಡಗಡೆಯ ಹೂ ಜಾರಿ ಪೀಠದ ಮೇಲೆ ಬೀಳುವುದಕ್ಕೂ ಸರಿಹೋಯಿತು.

ಇಲ್ಲ. ಇಲ್ಲ ಅಂದಳು ತಾಯಿ. ಆಚಾರ್ರ ಎದೆಯ ಮೇಲಿಂದ ಯಾರೋ ಕಲ್ಲುಚಪ್ಪಡಿ ಎತ್ತಿದಂತಾಗಿ, ಮಳೆಗಾಲದಿಂದ ಒಳಗೇ ನಿಂತಿದ್ದ ಉಸಿರು ಹೊರಗೆ ಬಂತು. ಕಣ್ಣೀರು ಹರಿದುಬಂತು. ಹಿಂದಿನಿಂದ ಗದ್ದಲ ಕೇಳಿಸಿತು. "ಎಡಗಡೆ! ಎಡಗಡೆ ಕೊಟ್ಲು!" "ಆಯ್ತು ಬುಡಿ, ಅಮ್ನೇ ಬ್ಯಾಡ ಅಂದ್ಮೇಲೆ ಮುಗೀತು." "ನೋಡಿ, ಆಚಾರ್ರೇ ಅಳ್ತಾವ್ರೆ, ಅವ್ರಿಗೆ ಕೊಡ್ಬೇಕು ಅಂತಿತ್ತು ಪಾಪ." ಗೌಡರು ಮುಖ ಸಣ್ಣಗೆ ಮಾಡಿಕೊಂಡು, "ನನ್ ಮಾತೇನೋ ಮಾತೇಯ, ದೇವ್ರು ಒಪ್ನಿಲ್ಲ, ಏನ್ ಮಾಡದು" ಎಂದು ಪಕ್ಕದವರೊಡನೆ ಕಮಾನಿಗೆ ಕಲ್ಲು ಎಲ್ಲಿಂದ ತರಿಸುವುದೆಂದು ಮಾತಿಗೆ ತೊಡಗಿದರು. ಆಚಾರ್ರಿಗೆ ಇದೆಲ್ಲ ಬೇರೆ ಯಾರದೋ ಮನೆಯ ಮಾತಿನಂತೆ ಕೇಳುತ್ತಿತ್ತು. ಆಮೇಲೆ ಮೆಲ್ಲಗೆ, ಕೈ ಸುಟ್ಟ ಮೇಲೆ ಉರಿ ಹತ್ತುವ ಹಾಗೆ, ತಾವು ಏನು ಮಾಡಿಬಿಟ್ಟರೆಂಬುದು ತಿಳಿಯಿತು.

ಯಾರಿಗೂ ಗೊತ್ತಿಲ್ಲ. ಮನಸ್ಸಿನಲ್ಲಿ ಕೇಳಿದ್ದು ತಮಗೂ ದೇವಿಗೂ ಬಿಟ್ಟು ಯಾರಿಗೂ ಗೊತ್ತಾಗುವುದಿಲ್ಲ. ಸುಮ್ಮನಿದ್ದರೆ ಈ ಹಗುರ ತಮ್ಮದಾಗಿಯೇ ಉಳಿಯುತ್ತದೆ. ಮನೆಗೆ ಹೋಗಿ ಅವಳ ಪಟದ ಮುಂದೆ ಕೂತುಕೊಳ್ಳಬಹುದು. ಬಾಯಿಬಿಟ್ಟರೆ, ಬೀದಿಯ ಪ್ರಶ್ನೆಯನ್ನು ತನ್ನ ಹೆಂಡತಿಗೆ ಬಳಸಿಕೊಂಡ ಮುದುಕ ಎಂದು ಇವರೆಲ್ಲ ನೋಡುತ್ತಾರೆ. ಮೌನೇಶ ತಲೆ ಎತ್ತಿ ಓಡಾಡುವ ಹಾಗಿಲ್ಲ. ಯಜಮಾನಿಕೆಯೂ ಉಳಿಯುವುದಿಲ್ಲ. ಅವರು ಹೊರಗೆ ನೋಡಿದರು. ಮೆಟ್ಟಿಲ ಮೇಲೆ ಹೆಂಗಸರು ಏನೂ ಅನ್ನದೆ ಎದ್ದು ಸೆರಗು ಕೊಡವಿಕೊಳ್ಳುತ್ತಿದ್ದರು. ಜಗಳಕ್ಕೆಂದೇ ಬಂದಿದ್ದ ಸೋಮಮ್ಮ ಕೂಡ ಬಾಗಿಲ ಕಡೆ ತಿರುಗಿ ದೇವಿಗೆ ಕೈ ಮುಗಿದು, ಕೆನ್ನೆ ತಟ್ಟಿಕೊಂಡು, ಚಪ್ಪಲಿ ಹುಡುಕುತ್ತಿದ್ದಳು. ದೇವಿಯ ಮಾತಿಗೆ ಅವಳಲ್ಲಿ ಎದುರು ಮಾತಿರಲಿಲ್ಲ.

"ನಿಂತ್ಕೊಳ್ಳಿ," ಎಂದರು ಆಚಾರ್ರು. ದನಿ ಒಣಗಿ ಹೊರಡಲಿಲ್ಲ. ಮತ್ತೆ ಜೋರಾಗಿ ಅಂದರು. "ಆ ಹೂವು ಜಾಗದ್ದಲ್ಲ. ನಾನು ಜಾಗದ ವಿಷಯ ಕೇಳಲೇ ಇಲ್ಲ."

"ಅಪ್ಪಾ," ಎಂದ ಮೌನೇಶ್.

"ಏನ್ ಕೇಳುದ್ರಿ ಮತ್ತೆ?" ಎಂದರು ಗೌಡರು.

"ನನ್ನ ಹೆಂಡತಿ ನನ್ನನ್ನ ಬೈದುಕೊಂಡು ಹೋದಳಾ ಅಂತ ಕೇಳಿದೆ," ಎಂದರು ಆಚಾರ್ರು. "ಮೊದಲು ಜಾಗದ್ದೇ ಶುರು ಮಾಡಿದೆ. ಮನಸ್ಸು ಅಲ್ಲಿಗೆ ಹೋಯಿತು. ಅದಕ್ಕೆ ಇಲ್ಲ ಅಂತ ಕೊಟ್ಟಿದಾಳೆ."

ಗಂಡಸರು ನೆಲ ನೋಡಿದರು. ಯಾರದೋ ಮೊಬೈಲು ಬಡಿದುಕೊಂಡು ತಟ್ಟನೆ ನಿಂತಿತು. ಆಗ ಹೊರಗಿನಿಂದ ಸೋಮಮ್ಮನ ದನಿ ಬಂತು.

"ಬೈಕಳ್ದೆ ಇರ್ತಾಳಾ? ದಿನಾ ಬೈಕತಿದ್ಲು ಪುಟ್ಟಕ್ಕ! ನನ್ನಂಗ್ಡೀಲಿ ಕುಂತ್ಕಂಡು, ನೀವು ಗೊರ್ಕ ಹೊಡಿಯಾದ ನೋಡ್ಕಂಡು, ಹೊಟ್ಟೆ ಹಿಡ್ಕಂಡು ನಗ್ತಾ ಬೈಯೋಳು."

ಹೆಂಗಸರ ನಡುವೆ ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಅದು ರಂಜಿತ ಇರಬೇಕು. ಆಚಾರ್ರು ಸೋಮಮ್ಮನನ್ನೇ ನೋಡಿದರು. ತಾಯಿ ಸುಳ್ಳು ಹೇಳುವವಳಲ್ಲ. ಸೋಮಮ್ಮನೂ ಸುಳ್ಳು ಹೇಳುವವಳಲ್ಲ. ಈಗಷ್ಟೇ ಸಿಕ್ಕಿದ್ದ ಸಮಾಧಾನ ಕೈಯಿಂದ ಜಾರಿತು ಎಂದು ದುಃಖಪಡಬೇಕಾಗಿತ್ತು. ದುಃಖ ಬರಲಿಲ್ಲ. ನಗುತ್ತ ಬೈಯುತ್ತಿದ್ದಳು ಎಂದರೆ ಹೇಗೆ? ಅವರ ಮುಂದೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ಅವರು ನೋಡಿರಲಿಲ್ಲ.

ಗೌಡರು ಕೆಮ್ಮಿದರು. "ಸರಿ, ಆಗಿದ್ದಾಯ್ತು. ಈಗ ಇನ್ನೊಂದ್ ಹೂವ ಅಂಟ್ಸಿ, ಸರ್ಯಾಗ್ ಕೇಳ್ಬುಡಿ."

"ಒಂದು ಅಮಾವಾಸ್ಯೆಗೆ ಒಂದೇ," ಎಂದ ಪೂಜಾರಿ.

"ಅಂಗಾದ್ರೆ ಮುಂದಿನ್ ಅಮಾಸೆಗೆ ಆಗ್ಲಿ. ಏನ್ ಅವಸ್ರ?"

"ಅಲ್ಲಿವರೆಗೂ ಇವರು ಎಲ್ಲಿಗೆ ಹೋಗಬೇಕು ಗೌಡರೆ?" ಎಂದರು ಆಚಾರ್ರು. ಅವರು ದೇವಿಗೆ ಬೆನ್ನು ಮಾಡಿ ನಿಂತಿರುವುದು ಅವರಿಗೇ ಆಗ ಗಮನಕ್ಕೆ ಬಂತು. ಪಕ್ಕಕ್ಕೆ ಸರಿದರು. "ಹಿತ್ತಲಿಗೆ ನಾವು ಗಂಡಸರು ದಿನಾ ಹೋಗ್ತೀವಿ. ಅದಕ್ಕೆ ಒಂದು ಹೂವೂ ಕೇಳಲಿಲ್ಲ. ಇದಕ್ಕೂ ಕೇಳೋದು ಬೇಡ. ಜಾಗ ಕೊಟ್ಟಿದೀನಿ. ಇದು ಅಮ್ಮನ ಮಾತಲ್ಲ, ಯಜಮಾನನಾಗಿ ನನ್ನ ಮಾತು. ತಪ್ಪಾದರೆ ನನ್ನ ತಲೆಗಿರಲಿ. ನಾಳೆಯಿಂದ ಯಜಮಾನಿಕೆ ಬೇರೆಯವರು ಮಾಡಲಿ. ಪೈಪು, ನೀರು, ಬಾಗಿಲು ನಿಮ್ಮದು ಅಂದಿದ್ದಿರಿ."

ಗೌಡರು ಅತ್ತ ಇತ್ತ ನೋಡಿದರು. ಸುತ್ತಲೂ ಅವರ ಬಾಡಿಗೆದಾರರೇ ನಿಂತಿದ್ದರು, ಮಧ್ಯಾಹ್ನ ಆ ಮಾತನ್ನು ಕೇಳಿಸಿಕೊಂಡವರು. "ಅಂದಿದ್ದೆ," ಎಂದರು. ಅಶೋಕ್, ನಗು ತಡೆದುಕೊಂಡು, ಅಳತೆ ಟೇಪು ತರುತ್ತೇನೆಂದು ಓಡಿದ. ಅಕ್ಕಸಾಲಿಗರಲ್ಲಿ ಕೆಲವರು ಆಚಾರ್ರನ್ನು ಮಾತಾಡಿಸದೆ ಹೊರಟುಹೋದರು. ಮೌನೇಶ್ ಕಂಬಕ್ಕೆ ಒರಗಿ ನಿಂತಿದ್ದವನು ಹತ್ತಿರ ಬಂದು, "ಎಲ್ಲಾರ್ ಮುಂದೆ ಅಮ್ಮನ ವಿಸ್ಯ ಯಾಕಪ್ಪ..." ಎಂದು ಅರ್ಧಕ್ಕೆ ನಿಲ್ಲಿಸಿ, ಅಪ್ಪನ ಜಾರಿದ ಶಲ್ಯವನ್ನು ಸರಿಮಾಡಿ ಹೋದ.

ಹಿತ್ತಲಿನಲ್ಲಿ ಇನ್ನೂ ಬೆಳಕು ಉಳಿದಿತ್ತು. ತುಂಬೆಗಿಡಗಳ ನಡುವೆ ಅಶೋಕ್ ಟೇಪಿನ ಒಂದು ತುದಿ ಹಿಡಿದಿದ್ದ. ಇನ್ನೊಂದು ತುದಿಯನ್ನು, ಬೇರೆ ಯಾರೂ ಮುಂದೆ ಬಾರದೆ, ಗೌಡರೇ ಮೂಗಿಗೆ ಪಂಚೆಯ ಅಂಚು ಒತ್ತಿಕೊಂಡು ಹಿಡಿದಿದ್ದರು. ಬಾಗಿಲು ಯಾವ ದಿಕ್ಕಿಗೆ ಇರಬೇಕೆಂದು ಗಂಡಸರಲ್ಲಿ ಚರ್ಚೆ ಹತ್ತಿತ್ತು. "ಮೊದ್ಲು ಒಳಗಡೆ ಗಟ್ಟಿ ಚಿಲ್ಕ ಹಾಕ್ಸಿ, ದಿಕ್ಕು ಆಮೇಲ್ ನೋಡನ," ಎಂದು ರಂಜಿತ ಮೊದಲ ಬಾರಿಗೆ ಬಾಯಿಬಿಟ್ಟಳು. ಆಚಾರ್ರು ಆ ಗುಂಪನ್ನು ದಾಟಿ, ಗೋಡೆಯ ಬದಿ ನಿಂತಿದ್ದ ಸೋಮಮ್ಮನ ಹತ್ತಿರ ಹೋದರು.

"ಸೋಮಮ್ಮ, ಏನಂತ ಬೈತಿದ್ದಳು?"

"ಅಯ್ಯೋ, ಒಂದಾ ಎಲ್ಡಾ," ಎಂದಳು ಅವಳು. ಅವರ ಮುಖ ನೋಡಿ ದನಿ ತಗ್ಗಿಸಿದಳು. "ನೊಂದ್ಕತೀರೇನೋ."

"ಇಲ್ಲ. ನೆನಪಿರೋದು ಹೇಳು."

ಸೋಮಮ್ಮ ಅಲ್ಲಿದ್ದ ಒಂದು ಕಲ್ಲನ್ನು ಸೆರಗಿನಿಂದ ಒರೆಸಿದಳು. "ಕುಂತ್ಕಳಿ ಮತ್ತೆ. ನೀವು ಉಣ್ಣೋವಾಗ ತಲೇನೇ ಎತ್ತಕಿಲ್ವಂತೆ. ಈ ಮನ್ಸ ನನ್ ಬುಟ್ಟು ಆ ತಟ್ಟೇನೇ ಮದ್ವೆ ಆಗ್ಬೇಕಿತ್ತು ಕಣೆ ಸೋಮಿ, ಅಂತಿದ್ಲು."

ಆಚಾರ್ರು ಕಲ್ಲಿನ ಮೇಲೆ ಕೂತರು. ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ತಲೆ ಎತ್ತಿ ಅವಳ ಮುಖವನ್ನೇ ನೋಡಿದರು.

"ಆಮೇಲೆ?" ಎಂದರು.